ಗಲ್ಲದ ಕೆಳಗಿನ ಹೆಲ್ಮೆಟ್ ಪಟ್ಟಿಯನ್ನೂ ನೋಡಿ: ದಾವಣಗೆರೆಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಮತ್ತು ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೆ,

ನಮಸ್ಕಾರಗಳು.

ಹದಡಿ ರಸ್ತೆಯಲ್ಲಿ 26 ವರ್ಷಗಳಿಂದ ದ್ವಿಚಕ್ರ ವಾಹನಗಳ ಗ್ಯಾರೇಜ್ ನಡೆಸಿಕೊಂಡು ಬಂದಿದ್ದೇನೆ. ಅಪ್ಪ ಹತ್ತಿ ಮಿಲ್ಲಿನ ಕಾರ್ಮಿಕ. ಮಿಲ್ಲು ಮುಚ್ಚಿದ ಮೇಲೆ ನನ್ನ ಓದು ಹತ್ತನೆಯ ತರಗತಿಗೆ ನಿಂತಿತು, ಕೈಗೆ ಪಾನಾ ಬಂತು. ಪತ್ರಿಕೆಗಳ ವಾಚಕರ ವಾಣಿಗೆ ಆಗಾಗ ನಾಲ್ಕು ಸಾಲು ಬರೆಯುವ ಅಭ್ಯಾಸವಿದೆ. ಈ ವಿಷಯ ನಾಲ್ಕು ಸಾಲಿಗೆ ಮುಗಿಯುವಂಥದ್ದಲ್ಲ, ಅದಕ್ಕೇ ಈ ದೊಡ್ಡ ಪತ್ರ.

ನನ್ನ ಕೆಲಸದ ಮೇಜಿನ ಮೇಲೆ ಸದ್ಯ ಎರಡು ಹೆಲ್ಮೆಟ್‌ಗಳಿವೆ. ಎರಡನ್ನೂ ಹ್ಯಾಕ್ಸಾ ಬ್ಲೇಡಿನಿಂದ ನಟ್ಟನಡುವೆ ಸೀಳಿದ್ದೇನೆ.

ಮೊದಲನೆಯದು ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರದು. ನನ್ನ ಹಳೆಯ ಗಿರಾಕಿ. ವಿದ್ಯಾನಗರದಲ್ಲಿ ಬೆಳಗಿನ ಹೊತ್ತು ಹಾಲು ತರಲು ಹೋದಾಗ ನಾಯಿ ಅಡ್ಡ ಬಂದು ಸ್ಕೂಟರ್ ಮಗುಚಿತು. ಅವರ ತಲೆ ರಸ್ತೆ ವಿಭಜಕದ ಕಲ್ಲಿಗೆ ಬಡಿಯಿತು. ಎದ್ದು ಕುಳಿತರು, ಯಾರೋ ನೀರು ಕೊಟ್ಟರು, ಮಾರನೆಯ ದಿನ ಸೊಟ್ಟಗಾದ ಹ್ಯಾಂಡಲ್ ಸರಿಮಾಡಿಸಲು ನನ್ನಲ್ಲಿಗೆ ಬಂದರು. ಹೆಲ್ಮೆಟ್ಟಿನ ಹೊರಚಿಪ್ಪಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು, ಅಷ್ಟೇ. ಇನ್ನೂ ಹಾಕಿಕೊಳ್ಳಬಹುದೇ ಎಂದು ಅವರು ಕೇಳಿದಾಗ ನಾನು ಸೀಳಿ ನೋಡಿದೆ. ಒಳಗಿನ ಥರ್ಮೋಕೋಲ್ ಎಲ್ಲ ಕಡೆಯೂ ಹೆಬ್ಬೆರಳಿನಷ್ಟು ದಪ್ಪ ಇತ್ತು. ಬಿರುಕಿನ ಕೆಳಗೆ ಮಾತ್ರ ಕುಗ್ಗಿ ಅರ್ಧಕ್ಕಿಂತ ತೆಳ್ಳಗಾಗಿತ್ತು, ಬಿಳಿ ಮಣಿಗಳು ಅಪ್ಪಚ್ಚಿಯಾಗಿ ಹಲಗೆಯಂತೆ ಗಟ್ಟಿಯಾಗಿದ್ದವು. ಅವರ ತಲೆಗೆ ಬೀಳಬೇಕಾಗಿದ್ದ ಪೆಟ್ಟು ಅಲ್ಲಿ ಕುಳಿತಿತ್ತು. ಹೆಲ್ಮೆಟ್ಟಿನ ಕೆಲಸವೇ ಅದು. ತಲೆ ಒಮ್ಮೆಲೇ ನಿಂತರೆ ಒಳಗಿನ ಮಿದುಳು ನಿಲ್ಲುವುದಿಲ್ಲ, ಬುರುಡೆಗೆ ಹೋಗಿ ಬಡಿಯುತ್ತದೆ. ಥರ್ಮೋಕೋಲ್ ತಾನು ಕುಗ್ಗುತ್ತ ತಲೆ ನಿಲ್ಲುವುದಕ್ಕೆ ಕಣ್ಣೆವೆ ಮುಚ್ಚುವುದಕ್ಕಿಂತಲೂ ಸಣ್ಣದೊಂದು ಅವಕಾಶ ಕೊಡುತ್ತದೆ. ಒಮ್ಮೆ ಕುಗ್ಗಿದ ಮೇಲೆ ಅದು ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ, ಅಲ್ಲಿಗೆ ಮುಗಿಯಿತು.

ಎರಡನೆಯದು ನನ್ನ ಬಳಿ ಕೆಲಸ ಕಲಿತ ಹುಡುಗನದು.

ಹದಿನೆಂಟನೆಯ ವಯಸ್ಸಿಗೆ ಬಂದು ನಾಲ್ಕು ವರ್ಷ ನನ್ನ ಜೊತೆಗಿದ್ದ. ಎಂಜಿನ್ನಿನ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲವಾಗಿದೆಯೋ ಟೈಮಿಂಗ್ ಚೈನ್ ಸವೆದಿದೆಯೋ ಹೇಳಬಲ್ಲ ಕಿವಿ ಅವನದು. ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಒಂದು ಸಂಜೆ ಗ್ಯಾರೇಜ್ ಮುಚ್ಚಿ ತನ್ನ ಹಳ್ಳಿಗೆ ಹೊರಟ. ಅದು ಮೆಕ್ಕೆಜೋಳದ ಸುಗ್ಗಿಯ ಕಾಲ. ನಮ್ಮ ಜಿಲ್ಲೆಯ ಹಳ್ಳಿ ರಸ್ತೆಗಳ ಅರ್ಧ ಭಾಗ ಆ ದಿನಗಳಲ್ಲಿ ಕಣವಾಗುತ್ತದೆ; ಒಣಹಾಕಿದ ಕಾಳಿನ ಮೇಲೆ ಗಾಡಿ ಹತ್ತದಿರಲೆಂದು ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಕತ್ತಲಲ್ಲಿ ಎದುರಿನ ಟ್ರ್ಯಾಕ್ಟರಿನ ಬೆಳಕು ಕಣ್ಣಿಗೆ ಕುಕ್ಕಿದಾಗ ಹುಡುಗ ಪಕ್ಕಕ್ಕೆ ಸರಿದಿದ್ದಾನೆ, ಮುಂದಿನ ಚಕ್ರ ಕಲ್ಲಿಗೆ ತಗುಲಿದೆ. ಅವನು ಟಾರಿನ ಮೇಲೆ ಬಿದ್ದ. ಹೆಲ್ಮೆಟ್ ಹದಿನೈದು ಮಾರು ಆಚೆ ಮೆಕ್ಕೆಜೋಳದ ರಾಶಿಯಲ್ಲಿ ಸಿಕ್ಕಿತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಅವನು ಹೆಲ್ಮೆಟ್ ಹಾಕಿದ್ದ. ಪಟ್ಟಿ ಹಾಕಿರಲಿಲ್ಲ. ಪಟ್ಟಿಯ ಲಾಕು ಒಂದು ವರ್ಷದಿಂದ ಮುರಿದಿತ್ತು. ಆ ಹೆಲ್ಮೆಟ್ ಪ್ರತಿದಿನ ನನ್ನ ಗ್ಯಾರೇಜಿನ ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಮುರಿದ ಲಾಕು ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು. ಊರಿನವರ ಗಾಡಿಗಳ ಬ್ರೇಕು, ಕ್ಲಚ್ಚು, ದೀಪ ಎಲ್ಲವನ್ನೂ ಸರಿಮಾಡಿಕೊಡುವ ನಾನು ಹತ್ತು ನಿಮಿಷ ಕುಳಿತು ಆ ಲಾಕನ್ನು ಬದಲಿಸಿಕೊಡಲಿಲ್ಲ. ಅದನ್ನು ಸೀಳಿದಾಗ ಇನ್ನೊಂದೂ ಗೊತ್ತಾಯಿತು. ಒಳಗೆ ಥರ್ಮೋಕೋಲೇ ಇಲ್ಲ. ತೆಳು ಪ್ಲಾಸ್ಟಿಕ್ ಚಿಪ್ಪು, ಅದಕ್ಕೆ ಅಂಟಿಸಿದ ಸ್ಪಂಜು, ಮೇಲೆ ಕಪ್ಪು ಬಟ್ಟೆ. ರಸ್ತೆ ಬದಿಯಲ್ಲಿ ಇನ್ನೂರು ರೂಪಾಯಿಗೆ ಕೊಂಡದ್ದು. ಹಿಂಬದಿಗೆ ಐಎಸ್ಐ ಗುರುತು ಇದ್ದ ಸ್ಟಿಕ್ಕರೂ ಅಂಟಿಸಿತ್ತು. ಉಗುರಿನಿಂದ ಕೆರೆದರೆ ಎದ್ದು ಬಂತು.

ಹುಡುಗ ಬದುಕಿದ್ದಾನೆ. ಮೂರು ವಾರ ಪ್ರಜ್ಞೆ ಇರಲಿಲ್ಲ, ತಲೆಯ ಶಸ್ತ್ರಚಿಕಿತ್ಸೆಗೆ ಅವನ ತಂದೆ ಹೊಲ ಅಡ ಇಟ್ಟರು. ಕಳೆದ ಯುಗಾದಿಯ ಮರುದಿನ ತಂದೆ ಅವನನ್ನು ಗ್ಯಾರೇಜಿಗೆ ಕರೆತಂದರು, ಹಳೆಯ ಜಾಗ ನೋಡಿದರೆ ಏನಾದರೂ ನೆನಪಾದೀತು ಎಂದು. "ಹತ್ತು-ಹನ್ನೊಂದರ ಪಾನಾ ಕೊಡಪ್ಪ" ಎಂದೆ. ಪೆಟ್ಟಿಗೆಯ ಮುಂದೆ ಕುಳಿತ. ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟ. ಬೇಕಾದದ್ದು ಎರಡು ಸಲ ಅವನ ಕೈಗೆ ಬಂತು, ಎರಡು ಸಲವೂ ಕೆಳಗಿಟ್ಟ. ಮೂರನೆಯ ಸಲ ಅದನ್ನು ಹಿಡಿದುಕೊಂಡು ನನ್ನ ಮುಖ ನೋಡಿದ, ಇದೇ ಹೌದೇ ಎನ್ನುವಂತೆ. ಹೌದು ಎಂದೆ. ಅವನ ತಂದೆ ಬಾಗಿಲ ಆಚೆ ಮುಖ ತಿರುಗಿಸಿಕೊಂಡು ನಿಂತಿದ್ದರು.

ಮಾನ್ಯರೇ, ಲಾಕು ಮುರಿದಿದ್ದ ಆ ಒಂದು ವರ್ಷದಲ್ಲಿ ಊರಿನಲ್ಲಿ ಹೆಲ್ಮೆಟ್ ತಪಾಸಣೆ ನಡೆದಾಗಲೆಲ್ಲ ಆ ಹುಡುಗ ತಪಾಸಣೆಯನ್ನು ದಾಟಿಯೇ ಬಂದಿದ್ದಾನೆ. ತಲೆಯ ಮೇಲೆ ಹೆಲ್ಮೆಟ್ ಇತ್ತಲ್ಲ, ಯಾರೂ ತಡೆಯಲಿಲ್ಲ. ತಡೆದು ದಂಡ ಹಾಕಿದ್ದರೆ, ಬೈದಿದ್ದರೆ, ಆ ಲಾಕು ಅಂದೇ ಸರಿಯಾಗುತ್ತಿತ್ತು. ನಿಮ್ಮ ಸಿಬ್ಬಂದಿಯನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ನಾನೇ ನೋಡಿಯೂ ನೋಡದವನು. ಏಪ್ರಿಲ್ ಬಿಸಿಲಿನಲ್ಲಿ ಗಾಂಧಿ ವೃತ್ತದಲ್ಲೋ ಜಯದೇವ ವೃತ್ತದಲ್ಲೋ ಹೊಗೆ ಕುಡಿಯುತ್ತ ನಿಲ್ಲುವ ಕಾನ್‌ಸ್ಟೆಬಲ್‌ಗಳ ಕಷ್ಟ ನನಗೆ ಗೊತ್ತು. ಆದರೆ ನಾವೆಲ್ಲ ಸೇರಿ ಹೆಲ್ಮೆಟ್ಟನ್ನು ದಂಡದಿಂದ ತಪ್ಪಿಸಿಕೊಳ್ಳುವ ಟೋಪಿ ಮಾಡಿಬಿಟ್ಟಿದ್ದೇವೆ. ವೃತ್ತಕ್ಕೆ ನೂರು ಅಡಿ ಇರುವಾಗ ಕನ್ನಡಿಯಿಂದ ತಲೆಗೆ ಬರುತ್ತದೆ, ವೃತ್ತ ದಾಟಿದ ಮೇಲೆ ತಲೆಯಿಂದ ಮೊಣಕೈಗೆ ಹೋಗುತ್ತದೆ.

ಕಾನೂನು ಇದನ್ನು ನಮಗಿಂತ ಮೊದಲೇ ಯೋಚಿಸಿದೆ. ಮೋಟಾರು ವಾಹನ ಕಾಯ್ದೆಯ 129ನೆಯ ಕಲಂ, 2019ರ ತಿದ್ದುಪಡಿಯ ನಂತರ, ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬ ಸವಾರನಿಗೂ ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಪೇಟ ಧರಿಸುವ ಸಿಖ್ಖರಿಗೆ ಮಾತ್ರ ವಿನಾಯಿತಿ. ಹೆಲ್ಮೆಟ್ ಎಂದರೆ ಯಾವುದು ಎಂಬುದನ್ನೂ ಅದೇ ಕಲಂ ವಿವರಿಸುತ್ತದೆ: ಅಪಘಾತದಲ್ಲಿ ಪೆಟ್ಟನ್ನು ತಡೆಯುವಂಥ ಆಕಾರ, ವಸ್ತು, ರಚನೆ ಇರಬೇಕು, ಮತ್ತು ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು. ಅಂದರೆ ಕಾನೂನಿನ ಲೆಕ್ಕದಲ್ಲಿ ಪಟ್ಟಿ ಬಿಗಿಯದ ಹೆಲ್ಮೆಟ್ ಹೆಲ್ಮೆಟ್ಟೇ ಅಲ್ಲ. 194-ಡಿ ಕಲಂ ಸಾವಿರ ರೂಪಾಯಿ ದಂಡ, ಮೂರು ತಿಂಗಳು ಚಾಲನಾ ಪರವಾನಗಿ ಅಮಾನತು ಎನ್ನುತ್ತದೆ. ನಮ್ಮ ರಾಜ್ಯ 2019ರಲ್ಲೇ ಆ ದಂಡವನ್ನು 500ಕ್ಕೆ ಇಳಿಸಿತು. ನನ್ನ ಕೇಳಿಕೆ ದಂಡ ಏರಿಸಿ ಎಂದಲ್ಲ. ದಂಡ ಯಾವುದಕ್ಕೆ ಬೀಳುತ್ತದೆ ಎಂಬುದು ಬದಲಾಗಲಿ.

ಗ್ಯಾರೇಜಿನ ಮುಂದಿನ ಕಟ್ಟೆಯ ಮೇಲೆ ಈ ಕುರಿತು ನಡೆಯದ ವಾದವಿಲ್ಲ. ಕೂದಲು ಉದುರುತ್ತದೆ, ಕುತ್ತಿಗೆ ನೋಯುತ್ತದೆ, ಹಿಂದಿನ ಹಾರ್ನ್ ಕೇಳುವುದಿಲ್ಲ ಎನ್ನುತ್ತಾರೆ. ಸೆಕೆಯ ಮಾತು ನಿಜ, ನಮ್ಮೂರಿನ ಬೇಸಿಗೆಯಲ್ಲಿ ತಲೆ ಬೆವೆತು ನೆನೆಯುತ್ತದೆ. ಒಳಗೊಂದು ತೆಳುವಾದ ಹತ್ತಿಯ ಬಟ್ಟೆ ಕಟ್ಟಿಕೊಂಡು ಅದನ್ನು ದಿನವೂ ಒಗೆದರೆ ಕೂದಲಿಗೂ ಹೆಲ್ಮೆಟ್ಟಿಗೂ ಒಳ್ಳೆಯದು. ನನ್ನ ತಲೆ, ನನ್ನಿಷ್ಟ ಎನ್ನುವವರಿಗೆ ಆ ಹುಡುಗನ ತಂದೆಯ ಹೊಲವನ್ನು ತೋರಿಸಬೇಕು ಎನಿಸುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಮಾತು ಬೇರೆ. "ಊರೊಳಗೆ ಇಪ್ಪತ್ತರ ಮೇಲೆ ಗಾಡಿ ಹೋಗುವುದೇ ಇಲ್ಲ, ಸಿಗ್ನಲ್ಲುಗಳಲ್ಲಿ ನಿಂತೇ ಇರುತ್ತೇವೆ, ಇದಕ್ಕೂ ಹೆಲ್ಮೆಟ್ ಬೇಕೇ ಅಣ್ಣ?" ಇದಕ್ಕೆ ಉತ್ತರ ಕೊಟ್ಟವರು ಆ ವಿಜ್ಞಾನ ಮೇಷ್ಟ್ರು. ನನ್ನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಗಾಡಿಯ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ಯಾವುದೇ ವಸ್ತು ನೆಲ ಮುಟ್ಟುವಾಗ ಗಂಟೆಗೆ 19 ಕಿಲೋಮೀಟರ್‌ಗೂ ತುಸು ಹೆಚ್ಚು ವೇಗದಲ್ಲಿರುತ್ತದೆ. ಗಾಡಿ ನಿಂತಿದ್ದರೂ ಅಷ್ಟೇ. ನೆಲಕ್ಕೆ ಬಡಿಯುವ ತಲೆಯ ವೇಗವನ್ನು ಎತ್ತರ ಕೊಡುತ್ತದೆ, ಗಾಡಿಯ ಸ್ಪೀಡೋಮೀಟರ್ ಕೊಡಬೇಕಾಗಿಲ್ಲ. ಮೇಷ್ಟ್ರ ಗಾಡಿಯೂ ಅಂದು ಇಪ್ಪತ್ತರ ಒಳಗೇ ಇತ್ತು. ಆ ಬಿಲ್ ಪುಸ್ತಕದ ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ, ವಾದಕ್ಕೆ ಬಂದವರಿಗೆ ಅದನ್ನೇ ಓದಲು ಹೇಳುತ್ತೇನೆ.

ಒಂದು ವಾದವನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಮೊದಲು ರಸ್ತೆ ಸರಿಮಾಡಿ, ಆಮೇಲೆ ನಮ್ಮ ತಲೆ ನೋಡಿ ಎನ್ನುತ್ತಾರಲ್ಲ, ಅವರ ಸಿಟ್ಟು ನ್ಯಾಯವಾದದ್ದು. ಬಿಳಿ ಬಣ್ಣ ಕಾಣದ ಉಬ್ಬುಗಳು, ಅಗೆದು ಹಾಗೇ ಬಿಟ್ಟ ಗುಂಡಿಗಳು, ಹಿಂದೆ ಕೆಂಪು ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರುಗಳು ಸವಾರನ ತಪ್ಪಲ್ಲ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಲೋಪವಾಗಿ ಸಾವುನೋವಾದರೆ ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ಹಾಕಲು ಅದೇ ಕಾಯ್ದೆಯಲ್ಲಿ 198-ಎ ಕಲಂ ಇದೆ. ಸವಾರನ ಮೇಲೆ 194-ಡಿ ನಡೆಯುವಷ್ಟೇ ಚುರುಕಾಗಿ ಅದೂ ನಡೆಯಬೇಕು. ಜಿಲ್ಲಾಧಿಕಾರಿಗಳೇ, ಮೆಕ್ಕೆಜೋಳದ ವಿಷಯದಲ್ಲಿ ನಮ್ಮ ರೈತರ ಮೇಲೆ ಕೇಸು ಹಾಕಿ ಎಂದು ನಾನು ಬೇಡುವುದಿಲ್ಲ. ಅವರಿಗೆ ಒಕ್ಕಲು ಕಣವಿಲ್ಲ, ಮಳೆಯ ಭಯವಿದೆ, ತೇವ ಇದ್ದರೆ ಮಾರುಕಟ್ಟೆಯಲ್ಲಿ ದರ ಮುರಿಯುತ್ತಾರೆ. ಪಂಚಾಯಿತಿಗೊಂದು ಕಾಂಕ್ರೀಟ್ ಕಣ ಮಾಡಿಕೊಡಿ. ಅದಾಗುವವರೆಗೆ ಸುಗ್ಗಿಯಲ್ಲಿ ಡಂಗುರ ಹೊಡೆಸಿ ಇಷ್ಟನ್ನಾದರೂ ತಿಳಿಸಿ: ಸೂರ್ಯ ಮುಳುಗುವ ಮೊದಲು ರಸ್ತೆಯ ಕಲ್ಲುಗಳನ್ನು ಎತ್ತಿಡಬೇಕು. ಆ ಒಂದು ಕಲ್ಲು ಅಲ್ಲಿ ಇರದಿದ್ದರೆ ಇಂದು ನನ್ನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚುತ್ತಿದ್ದವನು ಅವನೇ.

ಹಾಗೆಂದು ರಸ್ತೆ ಸರಿಯಾಗುವವರೆಗೆ ಬರಿತಲೆಯಲ್ಲಿ ಹೋಗುತ್ತೇನೆ ಎನ್ನುವುದು ಸರಿಯಲ್ಲ. ರಸ್ತೆ ಕೆಟ್ಟಿದ್ದಷ್ಟೂ ಹೆಲ್ಮೆಟ್ಟಿನ ಅಗತ್ಯ ಜಾಸ್ತಿ.

ಹಿಂದೆ ಕುಳಿತವರ ಪಾಡನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಇಂದಿಗೂ ನಮ್ಮೂರಿನಲ್ಲಿ ಹಿಂದೆ ಕುಳಿತ ಹತ್ತು ಜನರ ತಲೆ ನೋಡಿದರೆ ಒಂದರ ಮೇಲೆ ಹೆಲ್ಮೆಟ್ ಕಂಡರೆ ಹೆಚ್ಚು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029. ಆ ಐವತ್ತು ಸಾವಿರದಲ್ಲಿ ಗಾಡಿ ಓಡಿಸುತ್ತಿದ್ದವರು 35,692, ಹಿಂದೆ ಕುಳಿತಿದ್ದವರು 14,337. ಆ ಹದಿನಾಲ್ಕು ಸಾವಿರ ಜನರ ಕೈಯಲ್ಲಿ ಹ್ಯಾಂಡಲ್ಲೂ ಇರಲಿಲ್ಲ, ಬ್ರೇಕೂ ಇರಲಿಲ್ಲ. ಮುಂದೆ ಕುಳಿತವನನ್ನು ನಂಬಿ ಕುಳಿತವರು ಅವರು. ಹೆಂಡತಿಯರು, ತಾಯಂದಿರು, ಸಂತೆಯಿಂದ ಊರಿಗೆ ಬಿಡು ಎಂದು ಹತ್ತಿದ ಅಜ್ಜಂದಿರು. ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ, ಮಡಿಲಲ್ಲಿ ಕೂಸು ಇಟ್ಟುಕೊಂಡು, ಒಂದು ಕೈಯಲ್ಲಿ ಸೀಟಿನ ಪಟ್ಟಿ ಹಿಡಿದು ಕುಳಿತ ಹೆಣ್ಣುಮಗಳು ಉಬ್ಬಿನಲ್ಲಿ ಹಾರಿದರೆ ತಲೆಯ ಹಿಂಭಾಗವೇ ಮೊದಲು ನೆಲಕ್ಕೆ ಬಡಿಯುತ್ತದೆ. ಅಂಥ ಗಾಡಿಗಳು ರಿಪೇರಿಗೆ ಬಂದಾಗ ನಾನು ಹಿಂದಿನ ಫುಟ್‌ರೆಸ್ಟನ್ನು ನೋಡುತ್ತೇನೆ. ಅದು ಸೊಟ್ಟಗೂ ಆಗಿರುವುದಿಲ್ಲ.

ಮಕ್ಕಳ ಮಾತು ಬಂದರೆ ನನಗೆ ಸಹನೆ ತಪ್ಪುತ್ತದೆ. ಶಾಲೆ ಬಿಡುವ ಹೊತ್ತಿಗೆ ವಿದ್ಯಾರ್ಥಿ ಭವನದ ವೃತ್ತದಲ್ಲಿ ಹತ್ತು ನಿಮಿಷ ನಿಂತು ನೋಡಿ. ಅಪ್ಪನ ತಲೆಯ ಮೇಲೆ ಹೆಲ್ಮೆಟ್, ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತ ಮಗಳ ತಲೆಯ ಮೇಲೆ ಬರೀ ಎರಡು ಜಡೆ. ದಂಡ ತನಗೆ ಬೀಳುತ್ತದೆ ಎಂದು ಅಪ್ಪನಿಗೆ ಗೊತ್ತು, ಪೆಟ್ಟು ಮಗಳಿಗೆ ಬೀಳಬಹುದು ಎಂಬುದು ಹೊಳೆಯುವುದಿಲ್ಲ. ಒಂಬತ್ತು ತಿಂಗಳು ದಾಟಿದ, ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಹೆಲ್ಮೆಟ್, ಮಗುವನ್ನು ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ, ಗಂಟೆಗೆ 40 ಕಿಲೋಮೀಟರ್ ವೇಗದ ಮಿತಿ ಎಂದು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಯಮ ಹೊರಡಿಸಿದೆ. ನನ್ನ ಮೊಮ್ಮಗಳಿಗೆ ಹೆಲ್ಮೆಟ್ ಹುಡುಕಲು ಹೋದಾಗ ಮೂರು ಅಂಗಡಿ ಸುತ್ತಿದೆ. ಎರಡರಲ್ಲಿ ಆಟಿಕೆಯಂಥದ್ದನ್ನು ತೋರಿಸಿದರು. ಮಕ್ಕಳ ಅಳತೆಯ ಸರಿಯಾದ ಹೆಲ್ಮೆಟ್ ಊರಿನ ಅಂಗಡಿಗಳಲ್ಲಿ ಸಿಗುವಂತೆ ಮಾಡುವುದು ನಿಮ್ಮಿಂದ ಮಾತ್ರ ಸಾಧ್ಯ.

ಇನ್ನು ನನ್ನ ಬೇಡಿಕೆಗಳು.

ವರಿಷ್ಠಾಧಿಕಾರಿಗಳೇ, ತಪಾಸಣೆಯಲ್ಲಿ ಗಾಡಿ ತಡೆದಾಗ ಸಿಬ್ಬಂದಿ ಒಂದು ಮಾತು ಕೇಳಲಿ: "ಪಟ್ಟಿ ಎಳೆದು ತೋರಿಸಿ." ಅಷ್ಟು ಸಾಕು. ಒಂದು ತಿಂಗಳು ಇದನ್ನು ತಪ್ಪದೆ ಮಾಡಿದರೆ ಊರಿನ ಮುರಿದ ಲಾಕುಗಳೆಲ್ಲ ಸರಿಯಾಗುತ್ತವೆ. ಗಾಡಿಯನ್ನು ಅಟ್ಟಿಸಿಕೊಂಡು ಹೋಗುವುದು ಬೇಡ. ದಂಡಕ್ಕೆ ಹೆದರಿ ಗಲ್ಲಿಗೆ ನುಗ್ಗುವ ಹುಡುಗರು ಅಲ್ಲೇ ಬೀಳುತ್ತಾರೆ. ಜನವರಿಯ ರಸ್ತೆ ಸುರಕ್ಷತೆಯ ಕಾರ್ಯಕ್ರಮಗಳು ಮುಗಿದ ಕೂಡಲೇ ಸಡಿಲವಾಗುವುದೂ ಬೇಡ. ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ನಡೆಯಲಿ. ಮೊದಲ ಸಲ ಸಿಕ್ಕಿದವನು ಸಂಜೆಯೊಳಗೆ ಐಎಸ್ಐ ಹೆಲ್ಮೆಟ್ ಕೊಂಡು ಬಿಲ್ ತೋರಿಸಿದರೆ ಎಚ್ಚರಿಕೆ ಕೊಟ್ಟು ಬಿಡಲು ಅವಕಾಶವಿದೆಯೇ ನೋಡಿ. ದಿನಗೂಲಿಯವನಿಗೆ ದಂಡದ ಐನೂರು ಹೋದ ಮೇಲೆ ಹೆಲ್ಮೆಟ್ಟಿಗೆ ದುಡ್ಡು ಉಳಿಯುವುದಿಲ್ಲ. ಅವನು ಮತ್ತೆ ಅದೇ ಇನ್ನೂರರ ಟೋಪಿಗೆ ಹೋಗುತ್ತಾನೆ.

ಆ ಇನ್ನೂರರ ಟೋಪಿ ಮಾರುವುದೇ ಅಪರಾಧ. 2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್ ತಯಾರಿಸುವವರೂ ಮಾರುವವರೂ ಐಎಸ್ 4151 ಎಂಬ ಹೆಲ್ಮೆಟ್ ಗುಣಮಟ್ಟದ ಮಾನದಂಡ ಪಾಲಿಸಲೇಬೇಕು. ಆದರೂ ಹೆದ್ದಾರಿಯ ಬದಿಯಲ್ಲಿ, ಮರದ ಕೆಳಗೆ, ಹಗ್ಗಕ್ಕೆ ಪೋಣಿಸಿ ಅವನ್ನು ಮಾರುತ್ತಿದ್ದಾರೆ. ಹೊಟ್ಟೆಪಾಡಿಗೆ ಮಾರುವ ಆ ಬಡವನನ್ನು ಹಿಡಿದರೆ ಪ್ರಯೋಜನವಿಲ್ಲ. ಅವನಿಗೆ ಮೂಟೆಗಟ್ಟಲೆ ತಂದುಕೊಡುವ ಸಗಟು ವ್ಯಾಪಾರಿ ಯಾರು ಎಂದು ಕೇಳಿ. ಕೊಳ್ಳುವವರಿಗೂ ಒಂದು ಮಾತು. ಒಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಬಟ್ಟೆಯ ಹಿಂದೆ ಗಟ್ಟಿಯಾದ ಥರ್ಮೋಕೋಲ್ ಕೈಗೆ ಸಿಗಬೇಕು, ಬರೀ ಸ್ಪಂಜು ಒಳಗೆ ಹೋದರೆ ಅಲ್ಲೇ ಬಿಟ್ಟು ಬನ್ನಿ. ಐಎಸ್ಐ ಗುರುತಿನ ಜೊತೆ ಪರವಾನಗಿ ಸಂಖ್ಯೆ ಇರುತ್ತದೆ, ಅದು ಅಸಲಿಯೇ ಎಂದು ಐಎಸ್ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು.

ಸಾರಿಗೆ ಅಧಿಕಾರಿಗಳೇ, ಹೊಸ ಗಾಡಿ ಕೊಂಡಾಗ ತಯಾರಕರು ಮಾನದಂಡಕ್ಕೆ ತಕ್ಕ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮ ಹೇಳುತ್ತದೆ. ಆಯುಧ ಪೂಜೆಗೆ ಗಾಡಿ ತೊಳೆಸಲು ಬರುವವರನ್ನು ನಾನು ಪ್ರತಿವರ್ಷ ಕೇಳುತ್ತೇನೆ. ಕೊಟ್ಟಿದ್ದಾರೆ, ಅಟ್ಟದ ಮೇಲೆ ಪ್ಲಾಸ್ಟಿಕ್ ಕವರಿನಲ್ಲೇ ಇದೆ ಎನ್ನುವವರು ಕೆಲವರು; ಕೊಡಲೇ ಇಲ್ಲ ಎನ್ನುವವರು ಕೆಲವರು; ಕೊಡಬೇಕಿತ್ತೇ ಎಂದು ನನ್ನನ್ನೇ ಕೇಳುವವರು ಬಹಳ. ನೋಂದಣಿಯ ಕಾಗದಗಳ ಜೊತೆ ಹೆಲ್ಮೆಟ್ ಪಡೆದ ರಸೀದಿಯನ್ನೂ ಕೇಳಿ.

ನಮ್ಮ ಮೆಕ್ಯಾನಿಕ್‌ಗಳ ಪಾಲಿನ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ. ಗಾಡಿ ಸರ್ವಿಸಿಗೆ ಬಂದರೆ ಈಗ ಹೆಲ್ಮೆಟ್ಟನ್ನೂ ಇಸಿದುಕೊಳ್ಳುತ್ತೇನೆ. ಪಟ್ಟಿ ಎಳೆದು ನೋಡುತ್ತೇನೆ, ಲಾಕು ಹೋಗಿದ್ದರೆ ಬದಲಿಸುತ್ತೇನೆ, ಅದಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ. ಟ್ರಯಲ್ ನೋಡಲು ಹೋಗುವಾಗ ಬರಿತಲೆಯಲ್ಲಿ ಹೋಗುತ್ತಿದ್ದವನು ಈಗ ಆ ತಪ್ಪು ಮಾಡುವುದಿಲ್ಲ. ಊರಿನ ಉಳಿದ ಗ್ಯಾರೇಜಿನವರಿಗೂ ಹೇಳುತ್ತಿದ್ದೇನೆ, ಹತ್ತಾರು ಜನ ಒಪ್ಪಿದ್ದಾರೆ.

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಗೆ ಆ ಎರಡು ಹೆಲ್ಮೆಟ್‌ಗಳನ್ನು ತಂದು ನಿಮ್ಮ ಮೇಜಿನ ಮೇಲೆ ಇಡಲು ನನಗೆ ಅವಕಾಶ ಕೊಡಿ. ಭಾಷಣ ಮಾಡುವುದಿಲ್ಲ. ಮೇಷ್ಟ್ರೂ ಜೊತೆಗೆ ಬರಲು ಒಪ್ಪಿದ್ದಾರೆ. ಹುಡುಗನ ತಂದೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂದು ಹೊಲದ ಕೆಲಸ ಇಲ್ಲದಿದ್ದರೆ ಮಗನನ್ನೂ ಕರೆದುಕೊಂಡು ಬರುತ್ತೇನೆ ಎಂದರು. ಬೆಳಗಿನ ಹೊತ್ತು ಸಭೆ ಇಟ್ಟರೆ ಅನುಕೂಲ, ಮಧ್ಯಾಹ್ನದ ನಂತರ ಅವನಿಗೆ ತಲೆನೋವು ಬರುತ್ತದೆ.

ಇತಿ ತಮ್ಮ ವಿಶ್ವಾಸಿ,
ಹದಡಿ ರಸ್ತೆಯ ಒಬ್ಬ ಮೆಕ್ಯಾನಿಕ್,
ದಾವಣಗೆರೆ